ಡಾಕ್ಟರಿಗೆ ಮಕ್ಕಳು ಅದಾರೇನು?

ಧಾರವಾಡದ ಕಡೆಯ ನಮ್ಮ ಕಾಕಾ ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲು ಮುಂಬೈಗೆ ಬಂದವರು ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಏಳು ತಿಂಗಳು ಇದ್ದರು. ಇಲ್ಲಿಯ ಕನ್ನಡಿಗರಿಗೆ ಇದು ಹೊಸದಲ್ಲ. ಊರಲ್ಲಿ ಯಾರಿಗಾದರೂ ಗಂಟು ಕಂಡರೆ ಮೊದಲ ಫೋನು ಬರುವುದು ನಮಗೆ. ಫೈಲು ಹಿಡಿದು ಲೋಕಲ್ ಟ್ರೇನಿನಲ್ಲಿ ಜೊತೆಗೆ ಹೋಗುವವರು, ಡಾಕ್ಟರರ ಹಿಂದಿ, ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವವರು ನಾವೇ.

ಮೊದಲ ಭೇಟಿ ನಾಲ್ಕು ನಿಮಿಷದ್ದು. ಡಾಕ್ಟರು ಸ್ಕ್ಯಾನ್ ನೋಡಿದರು, ಕೀಮೋ ಬೇಕು ಎಂದರು, ಮುಂದಿನ ತಾರೀಖು ಬರೆದುಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಕಾಕಾ ರೋಗದ ಬಗ್ಗೆ ಏನೂ ಕೇಳಲಿಲ್ಲ. "ತಮ್ಮಾ, ಆ ಡಾಕ್ಟರಿಗೆ ಮಕ್ಕಳು ಅದಾರೇನು?" ಎಂದರು. ನನಗೆ ಸಿಟ್ಟು ಬಂತು. "ಅದನ್ನ ತೊಗೊಂಡು ನಮಗೇನು ಮಾಡೂದೈತಿ ಕಾಕಾ?" ಎಂದೆ.

ಆ ತಿಂಗಳುಗಳಲ್ಲಿ ಟ್ರೇನಿನಲ್ಲೂ ಬೆಂಚಿನ ಮೇಲೂ ನಾನು ಓದಿದ್ದು ಸಿದ್ಧಾರ್ಥ ಮುಖರ್ಜಿಯವರನ್ನು. ದೆಹಲಿಯಲ್ಲಿ ಹುಟ್ಟಿ ಬೆಳೆದು, ಅಮೆರಿಕದಲ್ಲಿ ಕ್ಯಾನ್ಸರ್ ವೈದ್ಯರಾಗಿ ನೆಲೆಸಿದ ಇವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್' 2010ರಲ್ಲಿ ಬಂತು, 2011ರಲ್ಲಿ ಪುಲಿಟ್ಜರ್ ಪಡೆಯಿತು. ಪುಸ್ತಕ ತನ್ನನ್ನು ಕ್ಯಾನ್ಸರಿನ ಜೀವನಚರಿತ್ರೆ ಎಂದು ಕರೆದುಕೊಳ್ಳುತ್ತದೆ. ನಾನು ಅದರಲ್ಲಿ ಹುಡುಕುತ್ತಿದ್ದದ್ದು ಮಾತ್ರ ಬರೆದವರ ಜೀವನಚರಿತ್ರೆಯನ್ನು. ಕಾಕಾ ಕೇಳಿದ ಪ್ರಶ್ನೆ ಆಗಲೇ ನನಗೂ ಅಂಟಿಕೊಂಡಿತ್ತು.

ಮೊದಲು ಪುಸ್ತಕದ ಬಲ ಹೇಳಬೇಕು. 2004ರ ಮೇ ತಿಂಗಳಲ್ಲಿ, ಮೂರು ಮಕ್ಕಳ ತಾಯಿಯಾದ ಕಾರ್ಲಾ ಎಂಬ ಶಾಲಾ ಶಿಕ್ಷಕಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯುವಲ್ಲಿಂದ ಕಥೆ ಹೊರಡುತ್ತದೆ. ಅಲ್ಲಿಂದ ಸಾವಿರಾರು ವರ್ಷ ಹಿಂದೆ ಹೋಗಿ, ಮತ್ತೆ ಮತ್ತೆ ಅವಳ ಹಾಸಿಗೆಯ ಬಳಿಗೆ ಬರುತ್ತದೆ. ಎದೆಯ ಸ್ನಾಯುಗಳನ್ನೂ ಸೇರಿಸಿ ಸ್ತನ ಕತ್ತರಿಸುತ್ತಿದ್ದ ಹಾಲ್‌ಸ್ಟೆಡ್‌ನ ಶಸ್ತ್ರಚಿಕಿತ್ಸೆ ದಶಕಗಟ್ಟಲೆ ಪ್ರಶ್ನೆಯಿಲ್ಲದೆ ನಡೆದದ್ದು, ಅಷ್ಟೆಲ್ಲ ಕತ್ತರಿಸಿದರೂ ಹೆಚ್ಚಿನ ಲಾಭವಿಲ್ಲವೆಂದು ಬರ್ನಾರ್ಡ್ ಫಿಶರ್ ಪ್ರಯೋಗ ಮಾಡಿ ತೋರಿಸಿದ್ದು, ಇವನ್ನೆಲ್ಲ ಓದುವಾಗ ಮೈ ಜುಮ್ಮೆನ್ನುತ್ತದೆ. ತನ್ನ ವೃತ್ತಿಯವರ ಅಹಂಕಾರವನ್ನು ಇಷ್ಟು ಬಿಚ್ಚಿ ಬರೆದ ವೈದ್ಯರು ಕಡಿಮೆ.

ಊರು ಬಿಟ್ಟ ನನ್ನಂಥವನಿಗೆ ಇನ್ನೊಂದು ಭಾಗ ಬಹಳ ಹಿಡಿಸಿತು. 1947ರ ಕೊನೆಗೆ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧ ಕೊಟ್ಟು, ಸ್ವಲ್ಪ ಕಾಲವಾದರೂ ರೋಗ ಹಿಮ್ಮೆಟ್ಟುವುದನ್ನು ನೋಡಿದರು. ಆ ಬಗೆಯ ಔಷಧಗಳನ್ನು ತಯಾರಿಸಿ ಕಳಿಸಿದ ತಂಡದ ಮುಖ್ಯಸ್ಥರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಡಾಕ್ಟರಿಕೆ ಓದಿದ್ದರೂ ಅಮೆರಿಕದಲ್ಲಿ ಆಸ್ಪತ್ರೆಯೊಂದರ ರಾತ್ರಿಪಾಳಿಯ ಆಳಾಗಿ ದುಡಿಯಬೇಕಾಗಿ ಬಂದವರು. ಅಲ್ಲಿ ಮುಖರ್ಜಿ ಹೆಚ್ಚು ಮಾತಾಡುವುದಿಲ್ಲ. ಆದರೂ ಪರಊರಿಗೆ ಹೋದವನೊಬ್ಬ ಇನ್ನೊಬ್ಬನ ಬಗ್ಗೆ ಬರೆಯುತ್ತಿದ್ದಾನೆಂದು ಓದುಗನಿಗೆ ತಿಳಿಯುತ್ತದೆ.

ಇನ್ನು ತಕರಾರು. ಈ ಪುಸ್ತಕದಲ್ಲಿ ಡಾಕ್ಟರು ಬಿಳಿ ಕೋಟು ಬಿಚ್ಚುವುದು ಅಪರೂಪ. ಕಾಕಾನ ಪ್ರಶ್ನೆಗೆ ಉತ್ತರವೇನೋ ಇದೆ. ಮಗಳು ಹುಟ್ಟಿದ ಪ್ರಸಂಗ ಬರುತ್ತದೆ. ಅಲ್ಲೂ ತಂದೆಯ ಕಣ್ಣು ಬೇಗನೆ ಹೊಕ್ಕುಳಬಳ್ಳಿಯ ರಕ್ತದ ಕಡೆಗೆ, ಅದರಿಂದ ಕ್ಯಾನ್ಸರ್ ಚಿಕಿತ್ಸೆಗೆ ಆಗಬಹುದಾದ ಉಪಯೋಗದ ಕಡೆಗೆ ಹೊರಳುತ್ತದೆ. ಕೊನೆಯ ಭಾಗದಲ್ಲಿ ಅವರು ಹೂಗುಚ್ಛ ಹಿಡಿದು ಗುಣವಾದ ಕಾರ್ಲಾಳ ಮನೆಗೆ ಹೋಗುತ್ತಾರೆ. ಓದುವಾಗ ಕಣ್ಣು ತುಂಬಿತು, ನಿಜ. ಆದರೆ ಗುಣವಾಗದವರ ಮನೆಗೆ ಯಾರು ಹೋಗುತ್ತಾರೆ ಎಂದು ಬೆಂಚಿನ ಮೇಲೆ ಕೂತವನಿಗೆ ಅನಿಸದೇ ಇರುತ್ತದೆಯೇ? ಕಥೆಯ ಬಹುಪಾಲು ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ನುಗಳಲ್ಲಿ ನಡೆಯುತ್ತದೆ. ರೋಗಿಯ ಜೊತೆ ಬಂದು ಜಗಲಿಯ ಮೇಲೆ ಮಲಗುವ ಮಂದಿ, ಅಡವಿಟ್ಟ ಹೊಲ, ಟ್ರೇನಿನ ರಿಯಾಯಿತಿ ಫಾರ್ಮು ಇವಕ್ಕೆ ಅಲ್ಲಿ ಜಾಗವಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ತೀರ್ಪು ತಪ್ಪಾಗುತ್ತಿತ್ತು. 2016ರ 'ದಿ ಜೀನ್' ತೆರೆದುಕೊಳ್ಳುವುದೇ ಮನೆಯಿಂದ. ತಂದೆಯ ಜೊತೆ ಕೋಲ್ಕತ್ತಕ್ಕೆ ಹೋಗಿ, ಮನೋರೋಗಿಗಳ ಆಶ್ರಯದಲ್ಲಿರುವ ದೊಡ್ಡಪ್ಪನ ಮಗನನ್ನು ನೋಡುವ ಪ್ರಯಾಣ ಅದು. ತಂದೆಯ ಅಣ್ಣತಮ್ಮಂದಿರಲ್ಲಿ ಇಬ್ಬರಿಗೆ ಮಾನಸಿಕ ಕಾಯಿಲೆ ಇತ್ತು. ಮುಂದೆ ಹೆಂಡತಿಯಾದ, ಕಲಾವಿದೆ ಸಾರಾ ಜೀ ಅವರಿಗೆ ಮದುವೆಗೆ ಮೊದಲೇ ಇದನ್ನೆಲ್ಲ ಹೇಳಿದ್ದಾಗಿ ಬರೆಯುತ್ತಾರೆ. ಹೆಣ್ಣು ನೋಡಲು ಬಂದವರೆದುರು ಇಂಥ ಮಾತನ್ನು ನಮ್ಮ ಮನೆಗಳಲ್ಲಿ ಹೇಗೆ ಮುಚ್ಚಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆ ಒಂದು ಪುಟಕ್ಕಾಗಿಯೇ ನಾನು ಈ ಮನುಷ್ಯನನ್ನು ನಂಬತೊಡಗಿದೆ.

2018ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ತಂದೆಯ ಕೊನೆಯ ದಿನಗಳ ಬಗ್ಗೆ ಅವರ ಪ್ರಬಂಧ ಬಂತು. ದೆಹಲಿಯಲ್ಲಿ ತಂದೆ ಬಿದ್ದರೆಂದು ಫೋನು ಬರುತ್ತದೆ, ಮಗ ನ್ಯೂಯಾರ್ಕಿನಿಂದ ವಿಮಾನ ಹತ್ತುತ್ತಾನೆ. ದೂರದ ಊರಲ್ಲಿ ದುಡಿಯುವ ನಮಗೆಲ್ಲ ಆ ಅಪರಾತ್ರಿಯ ಫೋನಿನ ಭಯ ಗೊತ್ತು. ಇಲ್ಲಿ ಮುಖರ್ಜಿ ಡಾಕ್ಟರಲ್ಲ, ಹಾಸಿಗೆಯ ಪಕ್ಕ ನಿಂತ ಮಗ. ತಿಳಿದದ್ದೆಲ್ಲ ತಿಳಿದೇ ಇದೆ, ಕೈಯಲ್ಲಿ ಏನೂ ನಡೆಯುವುದಿಲ್ಲ.

2022ರ 'ದಿ ಸಾಂಗ್ ಆಫ್ ದಿ ಸೆಲ್' ಇನ್ನೂ ಹತ್ತಿರ ಕರೆಯುತ್ತದೆ. ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡ ಗೆಳೆಯ ಸ್ಯಾಮ್ ಇದ್ದಾನೆ. 2017ರಲ್ಲಿ ತನ್ನನ್ನೇ ಆವರಿಸಿದ ಖಿನ್ನತೆಯನ್ನೂ ಅವರು ಬಚ್ಚಿಡುವುದಿಲ್ಲ.

ಹೀಗೆ ಹನ್ನೆರಡು ವರ್ಷಗಳಲ್ಲಿ ಒಬ್ಬ ಕ್ಯಾನ್ಸರ್ ವೈದ್ಯ ಮೇಜಿನ ಆ ಬದಿಯಿಂದ ಈ ಬದಿಗೆ ಬರುವುದನ್ನು ನೋಡಬಹುದು. ಅವರ ಬೆಳವಣಿಗೆ ವಿಜ್ಞಾನವನ್ನು ಸರಳ ಮಾಡುವುದರಲ್ಲಿಲ್ಲ, ಅದು ಮೊದಲ ಪುಸ್ತಕದಲ್ಲೇ ಕೈವಶವಾಗಿತ್ತು. ತಾನೂ ಒಬ್ಬರ ಮಗ, ಗೆಳೆಯ, ರೋಗಿ ಎಂದು ಒಪ್ಪಿಕೊಳ್ಳುವುದರಲ್ಲಿ ಅದು ಇದೆ. ಒಂದು ಕೊರತೆ ಮಾತ್ರ ಕೊನೆತನಕ ಉಳಿಯುತ್ತದೆ. ದುಃಖದ ಹತ್ತಿರ ಬಂದ ಕೂಡಲೇ ಅವರು ಜೀವಶಾಸ್ತ್ರಕ್ಕೆ ದಾಟುತ್ತಾರೆ. ತಂದೆ ಬಿದ್ದದ್ದು ದೇಹ ತನ್ನ ಸಮತೋಲ ಕಾಯುವ ಬಗೆಯ ಪಾಠವಾಗುತ್ತದೆ, ಖಿನ್ನತೆ ನರಕೋಶದ ವಿವರಣೆಗೆ ಬಾಗಿಲಾಗುತ್ತದೆ. ಸ್ಯಾಮ್ ಕೊನೆಗೆ ಏನು ಮಾತಾಡಿದ ಎಂದು ನಾವು ಕಾಯುತ್ತಿರುವಾಗ ಟಿ-ಕೋಶ ಬಂದುಬಿಡುತ್ತದೆ. ಕಾಕಾನ ಡಾಕ್ಟರೂ ಹಾಗೇ ಕಂಪ್ಯೂಟರ್ ಪರದೆಯ ಕಡೆ ತಿರುಗುತ್ತಿದ್ದರು. ಮೊದಮೊದಲು ಅದನ್ನು ನಾನು ಕಲ್ಲುಹೃದಯ ಎಂದುಕೊಂಡಿದ್ದೆ. ಮುಖರ್ಜಿಯವರನ್ನು ಓದಿದ ಮೇಲೆ, ಅವರಿಗೆ ಹಿಡಿದು ನಿಲ್ಲಲು ಇರುವ ಕಂಬ ಅದೊಂದೇ ಇರಬಹುದು ಅನ್ನಿಸಿತು.

ಆರನೆಯ ತಿಂಗಳಲ್ಲಿ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಔಷಧ ಹತ್ತುತ್ತಿಲ್ಲ, ಇನ್ನು ನೋವು ಕಡಿಮೆ ಮಾಡುವುದಷ್ಟೇ. ಕಾಕಾ ನನ್ನ ಮುಖ ನೋಡಿದರು. "ಔಷಧ ಬದ್ಲಿ ಮಾಡ್ತಾರಂತ" ಎಂದೆ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆ ಸುಳ್ಳು ನನ್ನದು, ಅವರದಲ್ಲ.

ಮುಂದಿನ ಸಲ ಹೋದಾಗ ಕಾಕಾ ನನ್ನನ್ನು ಬಿಟ್ಟು, ತಮ್ಮ ಹರಕುಮುರುಕು ಹಿಂದಿಯಲ್ಲಿ ಡಾಕ್ಟರಿಗೇ ಮಕ್ಕಳ ಬಗ್ಗೆ ಕೇಳಿಬಿಟ್ಟರು. ಡಾಕ್ಟರು ಪೆನ್ನು ಕೆಳಗಿಟ್ಟರು. ಒಬ್ಬಳೇ ಮಗಳು, ಹತ್ತನೇ ಇಯತ್ತೆ ಎಂದರು. ನಿಮಗೆಷ್ಟು ಎಂದು ಕೇಳಿದರು. ಕಾಕಾ ಬೆರಳು ಎಣಿಸಿ ಮೊಮ್ಮಕ್ಕಳನ್ನೂ ಹೇಳಿದರು. ಅದರಲ್ಲಿ ನಾನು ಅನುವಾದ ಮಾಡುವಂಥದ್ದೇನೂ ಇರಲಿಲ್ಲ. ವಾಪಸು ಬರುವಾಗ, ಠಾಣೆ ದಾಟಿದ ಮೇಲೆ, ಕಾಕಾ ಕಿಟಕಿಯ ಹೊರಗೆ ನೋಡುತ್ತಲೇ "ಇನ್ನ ಊರಿಗೆ ಹೋಗೂಣು ತಮ್ಮಾ" ಎಂದರು. ಅವರಿಗೆ ಎಂದೋ ತಿಳಿದಿತ್ತು.

ನಿಮ್ಮ ಮನೆಗೂ ಊರಿಂದ ಯಾರಾದರೂ ಫೈಲು ಹಿಡಿದು ಬಂದಿದ್ದರೆ, ಮುಖರ್ಜಿಯವರನ್ನು ಓದಿ. ಆದರೆ ದಪ್ಪ ಪುಸ್ತಕದಿಂದ ಶುರುಮಾಡಬೇಡಿ. ಮೊದಲು ತಂದೆಯ ಮೇಲಿನ ಪ್ರಬಂಧ ಓದಿ, ಆಮೇಲೆ ಸ್ಯಾಮ್‌ನ ಪುಟಗಳು, ಕೊನೆಗೆ ಕ್ಯಾನ್ಸರಿನ ಚರಿತ್ರೆ. ಮನುಷ್ಯನ ಪರಿಚಯವಾದ ಮೇಲೆ ಅವರು ಹೇಳುವ ಔಷಧದ ಕಥೆ ಬೇರೆಯೇ ರೀತಿ ಕೇಳುತ್ತದೆ. ಕಾಕಾ ಮೊದಲ ದಿನವೇ ಕೇಳಿದ್ದು ಅದನ್ನೇ.