ಬ್ರದರ್ ಲಾರೆನ್ಸನ ಅಡಿಗೆಮನೆ: ಒಂದು ಭಕ್ತಿಗ್ರಂಥದ ಆಕರವಿಮರ್ಶೆ

ಕ್ರೈಸ್ತ ಭಕ್ತಿಸಾಹಿತ್ಯದಲ್ಲಿ ‘ದೇವರ ಸಾನ್ನಿಧ್ಯದ ಅಭ್ಯಾಸ’ ಎಂಬ ಚಿಕ್ಕ ಪುಸ್ತಕಕ್ಕೆ ದೊರೆತಿರುವಷ್ಟು ವಾಚಕರು ಎಷ್ಟೋ ದೊಡ್ಡ ಗ್ರಂಥಗಳಿಗೆ ದೊರೆತಿಲ್ಲ. ಹದಿನೇಳನೆಯ ಶತಮಾನದ ಪ್ಯಾರಿಸ್ ನಗರದಲ್ಲಿ, ಕಾರ್ಮೆಲ್ ಸಂಘದ ಒಂದು ಮಠದಲ್ಲಿ ಅಡಿಗೆಯವನಾಗಿದ್ದ ಬ್ರದರ್ ಲಾರೆನ್ಸನ ನಾಲ್ಕು ಸಂವಾದಗಳೂ ಹದಿನಾರು ಪತ್ರಗಳೂ ಅದರ ತಿರುಳು. ಧ್ಯಾನಕ್ಕೆ ಬಿಡುವಿಲ್ಲದ ಗೃಹಸ್ಥನು ಸಹ ಪಾತ್ರೆ ಬೆಳಗುತ್ತ, ಲೆಕ್ಕ ಬರೆಯುತ್ತ, ಸಂತೆಗೆ ಹೋಗಿ ಬರುತ್ತ ದೇವರೊಡನೆ ಇರಬಹುದೆಂಬ ಭರವಸೆಯನ್ನು ಅದು ಕೊಡುತ್ತದೆ. ಈ ಭರವಸೆ ಹುಸಿಯೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಇತಿಹಾಸದ ಅಧ್ಯಾಪಕರಾದ ನಮಗೆ ಎರಡು ಪ್ರಶ್ನೆಗಳನ್ನು ಕೇಳದೆ ಇರಲು ಸಾಧ್ಯವಾಗುವುದಿಲ್ಲ. ಈ ಪುಸ್ತಕದಲ್ಲಿ ಮಾತನಾಡುತ್ತಿರುವವನು ಯಾರು? ನಿತ್ಯದ ಕೆಲಸದ ನಡುವೆ ವಿಶ್ವಾಸವೂ ಶೀಲವೂ ಬೆಳೆದುವೆಂದು ಹೇಳುವಾಗ, ಬೆಳೆದುದನ್ನು ಯಾವುದರಿಂದ ಅಳೆಯಬೇಕು? ಮೊದಲನೆಯದನ್ನು ಬಿಡಿಸದೆ ಎರಡನೆಯದಕ್ಕೆ ಉತ್ತರ ಹೇಳುವುದು ದುಸ್ಸಾಧ್ಯ.

ಲಾರೆನ್ಸನ ಪೂರ್ವಾಶ್ರಮದ ಹೆಸರು ನಿಕೊಲಾ ಹೆರ್ಮನ್. ಲೊರೇನ್ ಪ್ರಾಂತದ ಲ್ಯೂನೆವಿಲ್ ಪಟ್ಟಣದ ಸಮೀಪದಲ್ಲಿರುವ ಎರಿಮೆನಿಲ್ ಎಂಬ ಹಳ್ಳಿಯಲ್ಲಿ ೧೬೧೪ರ ಸುಮಾರಿಗೆ ಹುಟ್ಟಿದವನು. ಅವನ ಯೌವನಕಾಲವೆಂದರೆ ಮೂವತ್ತು ವರ್ಷಗಳ ಯುದ್ಧದ ಕಾಲ. ಸೈನ್ಯಗಳು ಹೋಗುತ್ತ ಬರುತ್ತ ಆ ಸೀಮೆಯನ್ನು ಹೇಗೆ ತುಳಿದುಹಾಕಿದುವೆಂಬುದನ್ನು ಅರಿಯಬೇಕಾದರೆ ನಾನ್ಸಿಯ ಚಿತ್ರಕಾರ ಜಾಕ್ ಕಾಲೊ ೧೬೩೩ರಲ್ಲಿ ಪ್ರಕಟಿಸಿದ ಯುದ್ಧಸಂಕಟಗಳ ತಾಮ್ರಚಿತ್ರಮಾಲೆಯನ್ನು ನೋಡಬೇಕು. ಅದರಲ್ಲಿ ಮರವೆಂದರೆ ಹೆಣಗಳು ಜೋತಾಡುವ ಮರ. ಹೆರ್ಮನನು ಆ ಯುದ್ಧದಲ್ಲಿ ಸಿಪಾಯಿಯಾಗಿದ್ದನು. ಒಮ್ಮೆ ಜರ್ಮನ್ ದಳದವರು ಅವನನ್ನು ಗೂಢಚಾರನೆಂದು ಹಿಡಿದು ನೇಣಿಗೇರಿಸುವುದಾಗಿ ಬೆದರಿಸಿ, ಅವನ ನಿರ್ಭೀತಿಯನ್ನು ಕಂಡು ಬಿಟ್ಟರೆಂದು ಹೇಳಿದೆ. ೧೬೩೫ರಲ್ಲಿ ರಾಂಬೆರ್ವಿಲೆ ಎಂಬಲ್ಲಿ ಸ್ವೀಡಿಷ್ ಸೈನಿಕರೊಡನೆ ನಡೆದ ಕಾಳಗದಲ್ಲಿ ಗಾಯಗೊಂಡು ತೌರೂರಿಗೆ ಹಿಂದಿರುಗಿದನು. ಕಾಲಿನ ಊನ ಕಡೆಯವರೆಗೂ ಉಳಿಯಿತು. ಅನಂತರ ಖಜಾನೆಯ ಅಧಿಕಾರಿಯೊಬ್ಬರಲ್ಲಿ ಊಳಿಗದವನಾಗಿ ನಿಂತನು. ತಾನು ಆಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕುವ ದೊಡ್ಡ ಒಡ್ಡನಾಗಿದ್ದೆನೆಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ೧೬೪೦ರಲ್ಲಿ ವೋಜಿರಾರ್ ಬೀದಿಯ ಮಠವನ್ನು ಸೇರಿ, ೧೬೪೨ರಲ್ಲಿ ವ್ರತ ಸ್ವೀಕರಿಸಿದನು. ಪಾದ್ರಿಯಾಗುವ ವಿದ್ಯೆ ಅವನಿಗಿರಲಿಲ್ಲ. ದುಡಿಮೆಯ ಸೋದರರ ವರ್ಗಕ್ಕೆ ಸೇರಿದನು. ಸುಮಾರು ಹದಿನೈದು ವರ್ಷ ಅಡಿಗೆ, ಆಮೇಲೆ ಮಠದವರ ಪಾದರಕ್ಷೆಗಳನ್ನು ಹೊಲಿಯುವ ಕೆಲಸ. ೧೬೯೧ರ ಫೆಬ್ರವರಿ ೧೨ರಂದು ತೀರಿಕೊಂಡನು.

ಈ ಜೀವನದಲ್ಲಿ ಭಕ್ತರು ಎತ್ತಿ ಹೇಳುವ ಘಟನೆ ಒಂದುಂಟು. ಹದಿನೆಂಟನೆಯ ವಯಸ್ಸಿನಲ್ಲಿ, ಚಳಿಗಾಲದಲ್ಲಿ ಎಲೆಯುದುರಿ ನಿಂತ ಮರವೊಂದನ್ನು ಅವನು ಕಂಡನಂತೆ. ಇನ್ನು ಕೆಲವು ಕಾಲದಲ್ಲಿ ಇದೇ ಮರ ಚಿಗುರಿ, ಹೂವಾಗಿ, ಹಣ್ಣಾಗುವುದಲ್ಲ ಎಂದು ನೆನೆದಾಗ ದೇವರ ಶಕ್ತಿಯೂ ಪಾಲನೆಯೂ ಮನಸ್ಸಿನಲ್ಲಿ ಅಚ್ಚೊತ್ತಿದಂತಾಗಿ, ಆ ಅನುಭವ ಎಂದೂ ಅಳಿಸಲಿಲ್ಲವಂತೆ. ಪ್ರಸಂಗ ಸುಂದರವಾದುದು. ಆದರೆ ವರ್ಷಗಳನ್ನು ಸ್ವಲ್ಪ ಎಣಿಸಿ ನೋಡೋಣ. ಹದಿನೆಂಟು ಎಂದರೆ ೧೬೩೨ರ ಸುಮಾರು. ಗಾಯಗೊಂಡುದು ೧೬೩೫ರಲ್ಲಿ. ಮಠ ಸೇರಿದುದು ೧೬೪೦ರಲ್ಲಿ. ಎಂದರೆ ಮರವನ್ನು ಕಂಡ ಮೇಲೆಯೂ ಅವನು ಯುದ್ಧದ ನಡುವೆಯೇ ಇದ್ದನು; ಮಠದ ಬಾಗಿಲಿಗೆ ಬರಲು ಇನ್ನೂ ಎಂಟು ವರ್ಷ ಹಿಡಿಯಿತು. ದರ್ಶನವೊಂದು ಒಬ್ಬ ಮನುಷ್ಯನನ್ನು ರಾತ್ರಿ ಬೆಳಗಾಗುವುದರೊಳಗೆ ಬೇರೆಯವನನ್ನಾಗಿ ಮಾಡುವುದೆಂಬ ಜನಪ್ರಿಯ ಕಲ್ಪನೆಗೆ ಈ ಪುಸ್ತಕದಲ್ಲಿ ಆಧಾರವಿಲ್ಲ. ಈ ಎಂಟು ವರ್ಷಗಳನ್ನು ಮುನ್ನುಡಿಕಾರರು ಒಂದು ವಾಕ್ಯದಲ್ಲಿ ದಾಟಿಬಿಡುವುದು ನಮಗೆ ಯಾವಾಗಲೂ ಅಸಮಾಧಾನವನ್ನುಂಟುಮಾಡಿದೆ.

ಇನ್ನು ಆಕರಗಳ ವಿಚಾರ. ಲಾರೆನ್ಸನು ಪುಸ್ತಕವನ್ನೇನೂ ಬರೆಯಲಿಲ್ಲ. ಅವನನ್ನು ಲೋಕಕ್ಕೆ ತೋರಿಸಿಕೊಟ್ಟವನು ಆಬೆ ಜೋಸೆಫ್ ದ ಬೋಫೋರ್. ಇವನು, ಆಗ ಶಾಲೋಂ ನಗರದ ಬಿಷಪ್ಪನಾಗಿದ್ದು ೧೬೯೫ರಲ್ಲಿ ಪ್ಯಾರಿಸಿನ ಆರ್ಚ್‌ಬಿಷಪ್ಪನಾದ ನೊಆಯ್ ಎಂಬಾತನ ಪ್ರತಿನಿಧಿಯಾಗಿದ್ದ ವಿದ್ಯಾವಂತ ಪಾದ್ರಿ. ೧೬೬೬ರಲ್ಲಿ ಮೂರು ಬಾರಿ, ೧೬೬೭ರ ನವೆಂಬರಿನಲ್ಲಿ ಒಂದು ಬಾರಿ ಲಾರೆನ್ಸನೊಡನೆ ಮಾತನಾಡಿದನು. ಲಾರೆನ್ಸನು ಸತ್ತ ಮರುವರ್ಷ, ೧೬೯೨ರಲ್ಲಿ, ಅವನ ಪತ್ರಗಳನ್ನೂ ಅವನ ಕಾಗದಗಳಲ್ಲಿದ್ದ ಕೆಲವು ಆಧ್ಯಾತ್ಮಿಕ ಸೂತ್ರಗಳನ್ನೂ ಒಂದು ಚರಮಶ್ಲಾಘನೆಯೊಡನೆ ಅಚ್ಚುಮಾಡಿಸಿದನು. ಸಂವಾದಗಳು ಬೆಳಕು ಕಂಡುದು ೧೬೯೪ರಲ್ಲಿ, ಅವು ನಡೆದ ಇಪ್ಪತ್ತೇಳು ವರ್ಷಗಳ ಮೇಲೆ. ದಿನಾಂಕಗಳನ್ನು ಸ್ಪಷ್ಟವಾಗಿ ಕೊಟ್ಟಿರುವುದರಿಂದ ಬೋಫೋರನು ಆಗಲೇ ಟಿಪ್ಪಣಿ ಮಾಡಿಕೊಂಡಿದ್ದನೆಂದು ಊಹಿಸಬಹುದು. ಆದರೂ ಭೇದವನ್ನು ಮರೆಯುವಂತಿಲ್ಲ: ಪತ್ರಗಳಲ್ಲಿ ಲಾರೆನ್ಸನ ಕೈ ಇದೆ, ಸಂವಾದಗಳಲ್ಲಿ ಬೋಫೋರನ ಕಿವಿಯೂ ಲೇಖನಿಯೂ ಇವೆ.

ಈ ಭೇದ ಕೇವಲ ಪಂಡಿತರ ಚಪಲವಲ್ಲ. ಅಡಿಗೆಮನೆಯ ಗದ್ದಲದಲ್ಲಿ ಹಲವರು ಒಟ್ಟಿಗೆ ಹಲವನ್ನು ಕೇಳುತ್ತಿರುವಾಗಲೂ ತಾನು ಮಂಡಿಯೂರಿ ಪೂಜಿಸುವಾಗಿನಷ್ಟೇ ಶಾಂತಿಯಿಂದ ಇರುತ್ತೇನೆಂಬರ್ಥದ ಮಾತು ಎಲ್ಲರಿಗೂ ಗೊತ್ತು. ಆ ಒಂದು ಮಾತಿಗಾಗಿಯೇ ಪುಸ್ತಕವನ್ನು ಕೊಳ್ಳುವವರಿದ್ದಾರೆ. ಅದು ಪತ್ರಗಳಲ್ಲಿ ಇಲ್ಲ. ಬೋಫೋರನು ವರದಿ ಮಾಡಿದ ಮಾತು. ಪತ್ರಗಳಲ್ಲಿ ನಾವು ಕಾಣುವ ಲಾರೆನ್ಸನಾದರೋ ಇಷ್ಟು ನುಣುಪಾದವನಲ್ಲ. ಮಠಕ್ಕೆ ಬಂದ ಮೊದಲ ಹತ್ತು ವರ್ಷ ಬಹಳವಾಗಿ ನರಳಿದೆನೆಂದು ಅವನು ಬರೆಯುತ್ತಾನೆ. ತನ್ನ ಪಾಪಗಳು ಕಣ್ಣಮುಂದೆ ನಿಂತಿದ್ದುವು; ಮನುಷ್ಯರೂ ಬುದ್ಧಿಯೂ ದೇವರೂ ತನಗೆ ವಿರೋಧವಾಗಿರುವಂತೆ ತೋರುತ್ತಿತ್ತು; ಬೀಳುತ್ತಿದ್ದೆನು, ಏಳುತ್ತಿದ್ದೆನು. ತನಗೆ ಮುಕ್ತಿಯಿಲ್ಲವೆಂಬ ಭಯ ನಾಲ್ಕು ವರ್ಷ ಕಾಡಿತೆಂದು ಸಂವಾದದಲ್ಲಿಯೂ ಇದೆ. ಈ ನರಳಿಕೆ ಯಾವಾಗ ಹೇಗೆ ನಿಂತಿತೆಂಬುದಕ್ಕೆ ಅವನು ಕೊಡುವ ಕಾರಣ ವಿಶೇಷವಾದುದು: ಹೀಗೆಯೇ ಕಡೆಯವರೆಗೂ ನರಳುವುದಾದರೆ ನರಳೋಣವೆಂದು ಒಪ್ಪಿಕೊಂಡಾಗ, ಒಮ್ಮೆಲೇ ತಾನು ಬದಲಾಗಿರುವುದನ್ನು ಕಂಡನು.

ಇನ್ನೊಂದು ಪತ್ರದಲ್ಲಿ ಅವನು ತನ್ನ ಸಾಧನೆಯನ್ನೇ, ನಮ್ಮ ಮಠದಲ್ಲಿ ನಲವತ್ತು ವರ್ಷಗಳಿಂದ ಇರುವ ಒಬ್ಬನದೆಂದು ಅನ್ಯಪುರುಷದಲ್ಲಿ ಹೇಳುತ್ತಾನೆ. ಸಂಕೋಚದಿಂದಲೋ, ಎಚ್ಚರಿಕೆಯಿಂದಲೋ? ಎರಡೂ ಇದ್ದಿರಬೇಕು. ವಿದ್ಯೆಯಿಲ್ಲದ ದುಡಿಮೆಗಾರನೊಬ್ಬನು ತನ್ನ ಆಧ್ಯಾತ್ಮಿಕಾನುಭವವನ್ನು ಸನ್ಯಾಸಿನಿಯರಿಗೆ ಬೋಧಿಸುವುದು ಆ ಕಾಲದಲ್ಲಿ ಸಂಶಯಕ್ಕೆ ಎಡೆಗೊಡತಕ್ಕ ವಿಷಯವಾಗಿತ್ತು. ಕ್ವಯೆಟಿಸಂ ಎಂಬ ನಿಷ್ಕ್ರಿಯಧ್ಯಾನವಾದದ ಮೇಲೆ ಚರ್ಚಿನ ಕಣ್ಣು ಬಿದ್ದಿತ್ತು. ಲಾರೆನ್ಸನು ಸತ್ತ ಕೆಲವು ವರ್ಷಗಳಲ್ಲೇ ಬೊಸ್ಸ್ಯುಎ ಮತ್ತು ಫೆನೆಲೋಂ ಎಂಬ ಇಬ್ಬರು ಬಿಷಪ್ಪರ ನಡುವೆ ಇದೇ ವಿಷಯವಾಗಿ ಘೋರ ವಾಗ್ಯುದ್ಧ ನಡೆದು, ೧೬೯೯ರಲ್ಲಿ ಫೆನೆಲೋಂನ ಗ್ರಂಥದಿಂದ ಆಯ್ದ ೨೩ ವಾಕ್ಯಗಳನ್ನು ಪೋಪನು ಖಂಡಿಸಿದನು. ಫೆನೆಲೋಂನು ಲಾರೆನ್ಸನನ್ನು ಸ್ವತಃ ಕಂಡು ಮೆಚ್ಚಿದವನು, ವಾದದಲ್ಲಿ ಅವನನ್ನು ಸಾಕ್ಷಿಯಾಗಿ ಕರೆದವನು. ಬೋಫೋರನ ಒಡೆಯನಾದ ನೊಆಯ್ ಎದುರು ಪಕ್ಷದಲ್ಲಿದ್ದನು. ಸತ್ತ ಅಡಿಗೆಯವನೊಬ್ಬನನ್ನು ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದಾಡಿದರೆಂದರೆ ತಪ್ಪಾಗಲಾರದು.

ಹಾಗಾದರೆ ಬೆಳವಣಿಗೆಯ ಬಗ್ಗೆ ಲಾರೆನ್ಸನ ಸ್ವಂತ ಮಾತೇನು? ನಮ್ಮ ದೃಷ್ಟಿಯಲ್ಲಿ ಅವನ ಹಿರಿಮೆ ಶಾಂತಿಯ ವರ್ಣನೆಯಲ್ಲಿಲ್ಲ, ಸೋಲನ್ನು ಕುರಿತ ಅವನ ಧೋರಣೆಯಲ್ಲಿದೆ. ತಪ್ಪು ನಡೆದಾಗ ಅದನ್ನು ಒಪ್ಪಿಕೊಂಡು, ನೀನು ನನ್ನನ್ನು ಕೈಬಿಟ್ಟರೆ ನಾನು ಎಂದಿಗೂ ಹೀಗೆಯೇ ಎಂದು ದೇವರಿಗೆ ಹೇಳಿ, ಆಮೇಲೆ ಅದನ್ನು ಕೆದಕುತ್ತ ಕೂರದೆ ಕೆಲಸಕ್ಕೆ ಹಿಂದಿರುಗುತ್ತಿದ್ದನಂತೆ. ಮನಸ್ಸು ಅಲೆದರೆ ಅದನ್ನು ಬಡಿಯಬೇಡ, ಮೆಲ್ಲಗೆ ಕರೆದುಕೊಂಡು ಬಾ ಎಂಬುದು ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಉಪದೇಶ. ಆತುರದ ಸಾಧಕಿಯೊಬ್ಬಳ ವಿಷಯದಲ್ಲಿ, ಅವಳ ಮನಸ್ಸು ಒಳ್ಳೆಯದೇ, ಆದರೆ ಕೃಪೆಗಿಂತ ಮುಂದೆ ಓಡಬಯಸುತ್ತಾಳೆ, ಒಂದೇ ಸಲಕ್ಕೆ ಯಾರೂ ಸಂತರಾಗುವುದಿಲ್ಲ ಎಂದು ಬರೆಯುತ್ತಾನೆ. ಇದು ಉಪದೇಶಕನ ಮಾತಲ್ಲ. ಹತ್ತು ವರ್ಷ ಕಾದವನ ಮಾತು.

ಅಡಿಗೆಯ ಕೆಲಸವೆಂದರೆ ಅವನಿಗೆ ಸ್ವಭಾವತಃ ಜುಗುಪ್ಸೆಯಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡ ವಾಚಕರು ಈ ಪುಸ್ತಕವನ್ನು ಓದಿದೊಡನೆ ಇದು ನಮ್ಮ ಕಾಯಕತತ್ತ್ವವೇ ಎಂದು ಉದ್ಗರಿಸುವುದುಂಟು. ಅಂತಹ ಸಮೀಕರಣದ ಬಗ್ಗೆ ನಮಗೆ ಅನುಮಾನವಿದೆ. ಶರಣನ ಕಾಯಕ ಅವನ ಜೀವನೋಪಾಯ. ಅದರ ಫಲ ದಾಸೋಹಕ್ಕೆ ಹೋಗತಕ್ಕದ್ದು. ಅದಕ್ಕೆ ಒಂದು ಮಿತಿಯೂ ಉಂಟು. ಆಯ್ದಕ್ಕಿ ಮಾರಯ್ಯನು ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಒಯ್ದು ಹಾಕುವಂತೆ ಲಕ್ಕಮ್ಮ ಹೇಳಿದ ಕಥೆ ಎಲ್ಲರಿಗೂ ತಿಳಿದಿದೆ. ಅಲ್ಲಿ ಸಾಧಕನ ನಡೆಯನ್ನು ತೂಗಿ ನೋಡುವ ಇನ್ನೊಂದು ಜೀವ ಪಕ್ಕದಲ್ಲಿಯೇ ಇದೆ. ಲಾರೆನ್ಸನ ಕೆಲಸವಾದರೋ ಆಜ್ಞೆಯಿಂದ ಬಂದದ್ದು. ಅದನ್ನು ಅವನು ಆರಿಸಿಕೊಳ್ಳಲಿಲ್ಲ, ಅದರಲ್ಲಿ ನೈಪುಣ್ಯವನ್ನೂ ಹೇಳಿಕೊಳ್ಳಲಿಲ್ಲ. ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ದೇವರ ಪ್ರೀತಿಗಾಗಿ ಮಗುಚುವುದು ಸರಿ. ಒಮ್ಮೆ ನಮ್ಮ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, “ಅಡಿಗೆ ರುಚಿಯಾಗಿತ್ತೇ, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಅದು ಇತಿಹಾಸಕಾರನೇ ಕೇಳಬೇಕಾಗಿದ್ದ ಪ್ರಶ್ನೆ. ಉಂಡವರ ಸಾಕ್ಷ್ಯ ಈ ಪುಟಗಳಲ್ಲಿ ಇಲ್ಲ. ಜೊತೆಯಲ್ಲಿ ಸೌದೆ ಒಟ್ಟಿದವರ, ತರಕಾರಿ ಹೆಚ್ಚಿದವರ ಹೆಸರೂ ಇಲ್ಲ.

ಇಲ್ಲಿಂದಲೇ ನಮ್ಮ ಮುಖ್ಯ ಆಕ್ಷೇಪ ಆರಂಭವಾಗುತ್ತದೆ. ಲೋಕದಲ್ಲಿ ದಿನವೂ ಕೇಳಿಬರುವ ದುಃಖ ಪಾಪಗಳ ಬಗ್ಗೆ ಮಾತು ಬಂದಾಗ, ಇಷ್ಟೇ ಇರುವುದೇ ಆಶ್ಚರ್ಯವೆಂದೂ, ತಾನು ಅವರಿಗಾಗಿ ಪ್ರಾರ್ಥಿಸುತ್ತೇನೆಂದೂ, ದೇವರು ಬೇಕಾದಾಗ ಸರಿಪಡಿಸಬಲ್ಲನಾದ್ದರಿಂದ ಅದಕ್ಕಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲವೆಂದೂ ಮೊದಲನೆಯ ಸಂವಾದದಲ್ಲಿ ಅವನು ಹೇಳುತ್ತಾನೆ. ಒಂದು ಪತ್ರದಲ್ಲಿ, ಸೈನ್ಯದಲ್ಲಿದ್ದ ಪರಿಚಿತನೊಬ್ಬನಿಗೆ ಹೇಳಿಕಳಿಸುವ ಬುದ್ಧಿವಾದವಿದೆ: ಕತ್ತಿ ಹಿಡಿದು ದಂಡಿನಲ್ಲಿ ನಡೆಯುತ್ತಿರುವಾಗಲೂ ಒಂದು ಕ್ಷಣ ಹೃದಯವನ್ನು ದೇವರ ಕಡೆಗೆ ಎತ್ತಿದರೆ ಸಾಕು; ಇದರಿಂದ ಧೈರ್ಯ ಕುಂದುವುದಿಲ್ಲ, ಹೆಚ್ಚುತ್ತದೆ. ಕತ್ತಿ ಯಾರ ಮೇಲೆ ಎತ್ತಿದ್ದು ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಉಳಿದಿರುವ ಪತ್ರಗಳು ೧೬೮೨ರಿಂದ ೧೬೯೧ರವರೆಗಿನವು. ನಾಂತ್ ಶಾಸನವನ್ನು ರದ್ದುಪಡಿಸಿ ಫ್ರಾನ್ಸಿನ ಪ್ರಾಟೆಸ್ಟಂಟರನ್ನು ಹಿಂಸೆಗೆ ಗುರಿಪಡಿಸಿದ ೧೬೮೫, ಹದಿನಾಲ್ಕನೆಯ ಲೂಯಿಯ ಸೈನ್ಯ ರೈನ್ ತೀರದ ಪೆಲಟಿನೇಟನ್ನು ಸುಟ್ಟ ೧೬೮೮–೮೯, ಇವೆರಡೂ ಈ ಅವಧಿಯೊಳಗೆ ಬರುತ್ತವೆ. ತನ್ನ ಊರು ಉರಿಯುವುದನ್ನು ಕಂಡ ಪೀಳಿಗೆಗೆ ಸೇರಿದ ಹಳೆಯ ಸಿಪಾಯಿಯ ಪತ್ರಗಳಲ್ಲಿ ಇವುಗಳ ಸುಳಿವಿಲ್ಲ. ಸಾನ್ನಿಧ್ಯದ ಅಭ್ಯಾಸ ಎಲ್ಲ ಕೆಲಸವನ್ನೂ ಪವಿತ್ರಗೊಳಿಸುವುದೆಂದರೆ, ಮಾಡಬಾರದ ಕೆಲಸವನ್ನೂ ನಿರ್ಮಲ ಮನಸ್ಸಿನಿಂದ ಮಾಡಿಸೀತೆಂಬ ಅಪಾಯ ಅದರಲ್ಲೇ ಅಡಗಿದೆ. ಯೇಸುವಿನ ಉಪದೇಶದಲ್ಲಿ ದೇವರ ಮೇಲಣ ಪ್ರೀತಿಯ ಜೊತೆಗೇ ನೆರೆಯವನ ಮೇಲಣ ಪ್ರೀತಿ ಬರುತ್ತದೆ. ಈ ಪುಸ್ತಕದಲ್ಲಿ ಎರಡನೆಯದರ ಪಾಲು ತೀರ ಕಡಮೆ.

ಅವನ ಪರವಾಗಿ ಹೇಳಬಹುದಾದದ್ದೂ ಇದೆ. ಪತ್ರಗಳು ಕೇಳಿದವರಿಗೆ ಕೊಟ್ಟ ಉತ್ತರಗಳು. ಹೆಚ್ಚಿನವು ಕಾಯಿಲೆ ಬಿದ್ದವರಿಗೆ, ಮನಸ್ಸು ಕಳವಳಗೊಂಡವರಿಗೆ ಬರೆದವು. ಅವುಗಳಲ್ಲಿ ರಾಜ್ಯನೀತಿಯನ್ನು ಹುಡುಕುವುದು ಅನ್ಯಾಯವಾದೀತು. ಕಡೆಯ ಪತ್ರವನ್ನು ಅವನು ಬರೆದುದು ಸಾಯುವುದಕ್ಕೆ ಒಂದು ವಾರಕ್ಕೂ ಕಡಮೆ ಇದ್ದಾಗ. ಶೀಲದ ವಿಷಯದಲ್ಲಿ ಬೋಫೋರನ ಹೊಗಳಿಕೆಯನ್ನು ಬದಿಗಿಟ್ಟರೂ ಹೊರಗಿನ ಸಾಕ್ಷಿ ಒಬ್ಬನಿದ್ದಾನೆ: ಲಾರೆನ್ಸನು ಹುಟ್ಟಿನಿಂದ ಒರಟಾದವನು, ಕೃಪೆಯಿಂದ ನಯವಾದವನು ಎಂಬರ್ಥದಲ್ಲಿ ಫೆನೆಲೋಂನು ೧೭೦೦ರ ಒಂದು ಪತ್ರದಲ್ಲಿ ಬರೆದಿದ್ದಾನೆ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಿದ್ದ ಊಳಿಗದವನ ನೆನಪಿದ್ದವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಇಷ್ಟರಿಂದ ನಮ್ಮ ಆಕ್ಷೇಪ ಬಿದ್ದುಹೋಗುವುದಿಲ್ಲ; ಆದರೆ ಅದರ ಮೊನೆ ಸ್ವಲ್ಪ ಮೊಂಡಾಗುತ್ತದೆಂದು ಒಪ್ಪಿಕೊಳ್ಳಬೇಕು.

ಪುಸ್ತಕದ ಮುಂದಿನ ಚರಿತ್ರೆ ವಿಚಿತ್ರವಾದುದು. ಸ್ವದೇಶದ ಕ್ಯಾಥೊಲಿಕರಲ್ಲಿ, ಕ್ವಯೆಟಿಸಂ ಕಲಹದ ಅನಂತರ, ಅದು ಮರೆಯಾಗುತ್ತ ಬಂದಿತು. ಅದನ್ನು ಉಳಿಸಿದವರು ಪ್ರಾಟೆಸ್ಟಂಟರು. ಲೊರೇನಿನ ಮೆಟ್ಸ್ ನಗರದಲ್ಲಿಯೇ ಹುಟ್ಟಿ ಹಾಲೆಂಡಿನಲ್ಲಿ ನೆಲೆಸಿದ್ದ ಪಿಯೆರ್ ಪ್ವಾರೆ ಅದನ್ನು ಮರುಮುದ್ರಿಸಿದನು; ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ೧೭೪೯ರಿಂದ ಹೊರತಂದ ತನ್ನ ‘ಕ್ರಿಶ್ಚಿಯನ್ ಲೈಬ್ರರಿ’ಯಲ್ಲಿ ಅದರ ಸಾರವನ್ನು ಸೇರಿಸಿದನು. ಆದರೆ ಜನಪ್ರಿಯ ಇಂಗ್ಲಿಷ್ ಮುದ್ರಣಗಳಲ್ಲಿ ಸೂತ್ರಗಳನ್ನು ಬಿಟ್ಟು, ಸಂವಾದಗಳನ್ನು ಮುಂದೆಯೂ ಪತ್ರಗಳನ್ನು ಹಿಂದೆಯೂ ಇಡುವುದು ರೂಢಿಯಾಯಿತು. ಓದುಗನು ಮೊದಲು ಶಾಂತಿಯನ್ನು ಓದುತ್ತಾನೆ; ಹತ್ತು ವರ್ಷಗಳ ನರಳಿಕೆಯನ್ನು ಆಮೇಲೆ, ಆಸಕ್ತಿ ಉಳಿದಿದ್ದರೆ, ಓದುತ್ತಾನೆ. ೧೯೯೧ರಲ್ಲಿ ಕೊನ್ರಾಡ್ ದೆ ಮೇಸ್ಟರ್ ಅವರು ಫ್ರೆಂಚಿನಲ್ಲಿ ಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿದ ಮೇಲೆ ಈ ಪದರುಗಳನ್ನು ಬಿಡಿಸಿ ನೋಡುವುದು ಸುಲಭವಾಗಿದೆ.

ಈ ಪುಸ್ತಕವನ್ನು ಕನ್ನಡದಲ್ಲಿ ಓದಿಸಬಯಸುವವರು ಪತ್ರಗಳನ್ನು ಮೊದಲು ಇಡಬೇಕೆಂಬುದು ನಮ್ಮ ಸಲಹೆ. ಸಂವಾದಗಳಲ್ಲಿ ಒಂದನ್ನೇ ಮೊದಲಿಗೆ ತರಬೇಕಾದರೆ, ಗದ್ದಲದ ನಡುವಣ ಶಾಂತಿಯ ಪ್ರಸಂಗಕ್ಕಿಂತ ಎರಡನೆಯ ಸಂವಾದದ ಸಾರಾಯಿ ಖರೀದಿಯ ಪ್ರಸಂಗವನ್ನು ಆರಿಸಬಹುದು. ಮಠಕ್ಕೆ ದ್ರಾಕ್ಷಾಮದ್ಯ ಕೊಳ್ಳಲು ಅವನನ್ನು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ತಿಳಿಯದು, ಕಾಲು ಕುಂಟು. ದೋಣಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಾಗಿತ್ತು. ಇದು ನಿನ್ನ ಕೆಲಸ ಎಂದು ದೇವರಿಗೆ ಒಪ್ಪಿಸಿ ಹೊರಟನು. ಖರೀದಿ ಚೆನ್ನಾಗಿಯೇ ಆಯಿತು; ಹೇಗಾಯಿತೆಂಬುದು ಮಾತ್ರ ತನಗೆ ತಿಳಿಯದೆಂದು ಬೋಫೋರನಿಗೆ ಹೇಳಿದನು.