ಅಜ್ಜನ ಪೆಟ್ಟಿಗೆ, ಮೊಮ್ಮಗನ ಕ್ಯಾಮರಾ

ಕುಂದಾಪುರ ಸೀಮೆಯಲ್ಲಿ, ಸಿದ್ದಾಪುರದಂತಹ ಘಟ್ಟದ ಬುಡದ ಊರುಗಳಲ್ಲಿಯೂ ಈಗ ಅಜ್ಜನ ಮೇಲೊಂದು ಸಿನಿಮಾ ತೆಗೆಯುವ ಉಮೇದು ಕಾಣಿಸಿಕೊಂಡಿದೆ. ಕುಟುಂಬದವರೆಲ್ಲ ಸೇರುವ ದಿನ ಪರದೆ ಕಟ್ಟಿ ತೋರಿಸುತ್ತಾರೆ. ಆಲ್ಬಮ್ಮಿನ ನಾಲ್ಕು ಫೋಟೋ, ಡ್ರೋನಿನಿಂದ ಹಿಡಿದ ಅಡಿಕೆ ತೋಟ, ಹಿಂದಿನಿಂದ ಕೊಳಲು. ಅಜ್ಜ ಶ್ರಮಜೀವಿ, ಅಜ್ಜ ದಾನಿ, ಅಜ್ಜನ ಮಾತಿಗೆ ಊರಲ್ಲಿ ತೂಕವಿತ್ತು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ಈ ಪ್ರೀತಿಯನ್ನು ಹಗುರ ಮಾಡುವ ಉದ್ದೇಶ ನಮಗಿಲ್ಲ. ಆದರೆ ಇದು ಸಿನಿಮಾವೋ, ಚೌಕಟ್ಟು ಹಾಕಿಸಿದ ಸನ್ಮಾನಪತ್ರವೋ ಎಂದು ಕೇಳದೆ ಇರಲಾಗುವುದಿಲ್ಲ.

ಈ ಪ್ರಶ್ನೆಯನ್ನು ಎದುರಿಸಿದ ಎರಡು ಚಿತ್ರಗಳು ನಮ್ಮ ನೆನಪಿಗೆ ಬರುತ್ತವೆ. ಮೊದಲನೆಯದು ಇಸ್ರೇಲಿನ ಆರ್ನನ್ ಗೋಲ್ಡ್‌ಫಿಂಗರ್ 2011ರಲ್ಲಿ ಮಾಡಿದ ‘ದಿ ಫ್ಲಾಟ್’. ಟೆಲ್ ಅವೀವ್ ನಗರದಲ್ಲಿ 98ರ ಪ್ರಾಯದಲ್ಲಿ ಅಜ್ಜಿ ತೀರಿಕೊಂಡಾಗ ಮನೆ ಖಾಲಿ ಮಾಡಲು ಮಕ್ಕಳು, ಮೊಮ್ಮಕ್ಕಳು ಸೇರುತ್ತಾರೆ. ಕೈಗವಸು, ಕೈಚೀಲ, ಜರ್ಮನ್ ಪುಸ್ತಕಗಳು. ಅವುಗಳ ನಡುವೆ ಗೋಬೆಲ್ಸನ ಪತ್ರಿಕೆ ‘ಡೆರ್ ಆಂಗ್ರಿಫ್’ನ ಹಾಳೆಗಳು! ಯಹೂದಿ ಮನೆಯಲ್ಲಿ ನಾಜಿ ಪತ್ರಿಕೆ ಏಕೆ? ಎಸ್.ಎಸ್. ಪಡೆಯ ಲಿಯೊಪೋಲ್ಡ್ ಫಾನ್ ಮಿಲ್ಡೆನ್‌ಸ್ಟೈನ್ 1933ರಲ್ಲಿ ಪ್ಯಾಲೆಸ್ತೀನಿಗೆ ಹೋಗಿ ಬಂದು ಅದರಲ್ಲಿ ಲೇಖನಮಾಲೆ ಬರೆದಿದ್ದ. ಆ ಪ್ರಯಾಣದಲ್ಲಿ ಪತ್ನಿಸಮೇತನಾಗಿದ್ದ ಅವನ ಜೊತೆಗಿದ್ದವರು ಇದೇ ಅಜ್ಜ, ಅಜ್ಜಿ. ಅದಕ್ಕಿಂತ ಭಾರವಾದ ಸಂಗತಿಯೆಂದರೆ, ಅಜ್ಜಿಯ ಸ್ವಂತ ತಾಯಿಯನ್ನು ನಾಜಿಗಳು ಬಲಿ ತೆಗೆದುಕೊಂಡ ಮೇಲೂ, ಯುದ್ಧ ಮುಗಿದ ಮೇಲೆ, ಈ ಗೆಳೆತನ ಮತ್ತೆ ಮುಂದುವರಿಯಿತು.

ನಿರ್ದೇಶಕನ ತಾಯಿಗೆ ಇದಾವುದೂ ತಿಳಿದಿರಲಿಲ್ಲ, ಆಕೆ ಕೇಳಿಯೂ ಇರಲಿಲ್ಲ. ಚಿತ್ರದ ಶಕ್ತಿ ಇರುವುದು ಈ ‘ಕೇಳಿರಲಿಲ್ಲ’ ಎಂಬಲ್ಲಿ. ಒಂದು ಪೀಳಿಗೆ ಹೇಳಲಿಲ್ಲ, ಇನ್ನೊಂದು ಕೇಳಲಿಲ್ಲ, ಮೂರನೆಯದು ಕ್ಯಾಮರಾ ಹಿಡಿದು ಬಂದಿತು. ಜರ್ಮನಿಗೆ ಹೋಗಿ ಮಿಲ್ಡೆನ್‌ಸ್ಟೈನನ ಮಗಳನ್ನು ಕಂಡಾಗ ಆಕೆಯೂ ತಂದೆಯ ಬಗ್ಗೆ ತನಗೆ ಬೇಕಾದಷ್ಟನ್ನೇ ನಂಬಿಕೊಂಡವಳು. ದಾಖಲೆಯನ್ನು ಅವಳ ಮುಂದಿಡಬೇಕೋ ಬೇಡವೋ ಎಂಬ ನಿರ್ದೇಶಕನ ಅಳುಕು ನಮ್ಮನ್ನೂ ತಟ್ಟುತ್ತದೆ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಆ ದಂಪತಿಗಳು 1933ರಲ್ಲಿ ಸುತ್ತಾಡಿದ ನಾಡಿನಲ್ಲಿ ಆಗ ಯಾರು ಬದುಕಿದ್ದರು, ಅವರ ಪೆಟ್ಟಿಗೆಗಳೆಲ್ಲಿ ಹೋದವು ಎಂಬ ಪ್ರಶ್ನೆ ಈ ಚಿತ್ರದ ಕೇಂದ್ರಕ್ಕೆ ಬರುವುದೇ ಇಲ್ಲ. ತನ್ನ ಮನೆಯ ಮೌನವನ್ನು ಒಡೆಯುವ ಧೈರ್ಯವಿರುವ ಮೊಮ್ಮಗನಿಗೆ ಪಕ್ಕದ ಮನೆಯ ಮೌನ ಕೇಳಿಸಲಿಲ್ಲ.

ಆ ಪಕ್ಕದ ಮನೆಯ ಚಿತ್ರ ಮರುವರ್ಷವೇ ಬಂತು. ಮಹ್ದಿ ಫ್ಲೈಫಲ್ ಅವರ ‘ಎ ವರ್ಲ್ಡ್ ನಾಟ್ ಅವರ್ಸ್’ (2012). ದಕ್ಷಿಣ ಲೆಬನಾನಿನ ಐನುಲ್ ಹಿಲ್ವಾ ನಿರಾಶ್ರಿತರ ಶಿಬಿರದಲ್ಲಿ 1948ರಿಂದ ಸಿಕ್ಕಿಕೊಂಡ ಅಜ್ಜ, ಎಲ್ಲವನ್ನೂ ವಿಡಿಯೋದಲ್ಲಿ ಹಿಡಿದಿಡುವ ಗೀಳಿನ ತಂದೆ, ಡೆನ್ಮಾರ್ಕಿನಿಂದ ರಜೆಗೆ ಬಂದುಹೋಗುವ ಮೊಮ್ಮಗ. ಇಲ್ಲಿ ಅಜ್ಜ ಹುತಾತ್ಮನೂ ಅಲ್ಲ, ಸಂತನೂ ಅಲ್ಲ, ಸಿಡುಕಿನ ಮುದುಕ. ಮೊಮ್ಮಗ ಅವರನ್ನು ಸಿಡುಕನಾಗಿಯೇ ಬಿಟ್ಟಿದ್ದಾನೆ. ವಿಶ್ವಕಪ್ ಫುಟ್ಬಾಲ್ ಬಂದಾಗ ಸ್ವಂತ ದೇಶವಿಲ್ಲದ ಜನ ಬೇರೆ ದೇಶಗಳ ಬಾವುಟ ಹಾರಿಸಿ ಕುಣಿಯುವುದನ್ನೂ ನಗುತ್ತಲೇ ತೋರಿಸುತ್ತಾನೆ. ತಾನು ವಿಮಾನ ಹತ್ತಿ ಹೊರಟುಹೋಗಬಲ್ಲೆ, ತನ್ನ ಗೆಳೆಯನಿಗೆ ಅದಾಗದು ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಮಟ್ಟಿಗೆ ಎರಡರಲ್ಲಿ ಹೆಚ್ಚು ಪ್ರಾಮಾಣಿಕ ಚಿತ್ರ ಇದು.

ಇನ್ನು ನಮ್ಮೂರಿನ ಪೆಟ್ಟಿಗೆಗೆ ಬರೋಣ. ಅದರಲ್ಲೇನಿದೆ? ಆಲ್ಬಮ್ ಕಡಿಮೆ. ಫೋಟೋ ತೆಗೆಸುವುದು ಸರಿಯೋ ಅಲ್ಲವೋ ಎಂಬ ಧಾರ್ಮಿಕ ಸಂಕೋಚ ಅನೇಕ ಮುಸ್ಲಿಮ್ ಮನೆಗಳಲ್ಲಿತ್ತು. ಗಲ್ಫಿಗೆ ಹೊರಟಾಗ ಪಾಸ್‌ಪೋರ್ಟಿಗೆಂದು ತೆಗೆಸಿದ್ದೇ ಎಷ್ಟೋ ಅಜ್ಜಂದಿರ ಮೊದಲ ಚಿತ್ರ. ಉಳಿದಿದ್ದೆಲ್ಲ ಕಾಗದ. ಗೇಣಿ ಚೀಟಿ, ತೀರ್ವೆ ರಶೀದಿ, ಭೂ ನ್ಯಾಯಮಂಡಳಿಯ ಆದೇಶ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಈ ಜಿಲ್ಲೆಯಲ್ಲಿ ಡಿಕ್ಲರೇಶನ್ ಕೊಟ್ಟು ಜಮೀನು ಪಡೆದವರೂ ಇದ್ದಾರೆ, ಅದರಿಂದಲೇ ಕಳೆದುಕೊಂಡವರೂ ಇದ್ದಾರೆ. ಅಜ್ಜ ಯಾವ ಸಾಲಿನವರು? ಗೇಣಿ ಕೊಡುತ್ತಿದ್ದವರೋ ಪಡೆಯುತ್ತಿದ್ದವರೋ? ಅವರ ಗದ್ದೆಯಲ್ಲಿ ನೇಜಿ ನೆಟ್ಟವರು ಯಾರು? ಚೀಟಿಯೇ ಇಲ್ಲದೆ ಕೂಲಿಗೆ ದುಡಿದವರಿಗೆ ಆ ಕಾಯಿದೆಯಿಂದ ಗದ್ದೆ ಸಿಗಲಿಲ್ಲ. ಡ್ರೋನು ತೋರಿಸುವ ಹಸಿರು ತೋಟದ ಕೆಳಗೆ ಈ ಕತೆಯೂ ಇದೆ. ನಾಜಿ ಗೆಳೆತನಕ್ಕೂ ಗೇಣಿ ವ್ಯವಹಾರಕ್ಕೂ ಹೋಲಿಕೆ ಕಟ್ಟುತ್ತಿಲ್ಲ, ಅಷ್ಟು ಬುದ್ಧಿಗೇಡಿತನ ಬೇಡ. ಪೆಟ್ಟಿಗೆಯ ತಳ ಮುಟ್ಟುವವರೆಗೆ ಕೈ ಹಾಕುವ ಮನಸ್ಸಿದೆಯೇ ಎಂಬುದಷ್ಟೇ ಪ್ರಶ್ನೆ.

ದೊಡ್ಡ ಮನುಷ್ಯರ ಮನೆಯಲ್ಲೂ ಇದು ಸುಲಭವಲ್ಲ. ಇಲ್ಲೇ ಪಕ್ಕದ ಕೋಟದ ಶಿವರಾಮ ಕಾರಂತರ ಬಗ್ಗೆ ಅವರ ಮೂವರು ಮಕ್ಕಳು ಸೇರಿ 2021ರಲ್ಲಿ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ನಾಡು ಕಂಡ ಕಾರಂತರು ಅಲ್ಲಿ ಅಪ್ಪನಾಗಿದ್ದಾರೆ, ಜೊತೆಗೆ ತಾಯಿ ಲೀಲಾ ಅವರೂ ಇದ್ದಾರೆ.

ನಾವು ನೋಡಿದ ಅಜ್ಜನ ಚಿತ್ರಗಳಲ್ಲಿ ಇಲ್ಲದಿರುವುದು ಅದೇ. ಅಜ್ಜಿ ಚಹಾ ತಂದಿಟ್ಟು ಒಳಗೆ ಹೋಗುತ್ತಾರೆ. ಅಜ್ಜ ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ ಕಾಲದಲ್ಲಿ ಮನೆ, ಮಕ್ಕಳು, ಸಾಲಗಾರರು, ಕೋರ್ಟಿನ ವಾಯಿದೆ ಎಲ್ಲವನ್ನೂ ನೋಡಿಕೊಂಡವರು ಅವರೇ. ಮಲಯಾಳದಲ್ಲಿ 1970ರ ದಶಕದಲ್ಲೇ ಎಸ್.ಎ. ಜಮೀಲ್ ಗಲ್ಫ್ ಪತ್ನಿಯ ಪತ್ರವನ್ನು ಹಾಡಾಗಿಸಿ ಮನೆಮಾತು ಮಾಡಿದರು. ನಮ್ಮಲ್ಲಿ ಅಂತಹ ಹಾಡು ಬೇಕಾಗಿಯೇ ಇಲ್ಲ, ಅಸಲು ದನಿಯೇ ಇದೆ. ಓದು ಬರಹ ಬಾರದ ಎಷ್ಟೋ ಹೆಂಗಸರು ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಪತ್ರ ಬರೆಸುತ್ತಿದ್ದರು. ಮಗುವಿನ ಮುಂದೆ ಹೇಳಲಾಗದ್ದನ್ನು, ಟೇಪ್‌ರೆಕಾರ್ಡರ್ ಬಂದ ಮೇಲೆ, ಕ್ಯಾಸೆಟ್ಟಿನಲ್ಲಿ ತುಂಬಿ ಊರಿನವರ ಕೈಯಲ್ಲಿ ದುಬೈಗೆ, ಸೌದಿಗೆ ಕಳಿಸಿದರು. ಅವುಗಳಲ್ಲಿ ಕೆಲವು ಅಜ್ಜನ ಸೂಟ್‌ಕೇಸಿನಲ್ಲೇ ಮರಳಿ ಬಂದು ಅಟ್ಟ ಸೇರಿವೆ. ಘಟ್ಟದ ಬುಡದ ಮಳೆಗಾಲಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಿನಿಮಾ ತೆಗೆಯಲು ಹೊರಟವರು ಡ್ರೋನು ಬಾಡಿಗೆಗೆ ತರುವ ಮೊದಲು ಆ ಕ್ಯಾಸೆಟ್ಟುಗಳನ್ನು ಒಣ ಡಬ್ಬಕ್ಕೆ ಹಾಕಿ, ತಿಳಿದವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಆಮೇಲೆ, ಅಜ್ಜಿ ಇನ್ನೂ ಬದುಕಿದ್ದರೆ, ಅದನ್ನು ಹೊರಗೆ ಕೇಳಿಸಬಹುದೇ ಎಂದು ಅವರನ್ನೇ ಕೇಳಲಿ.