ಮಾತಿಲ್ಲದವನ ಕಥೆಯನ್ನು ಹೇಳುವವರು ಯಾರು?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ನನ್ನ ಗೆಳೆಯರೊಬ್ಬರ ಮನೆಯಲ್ಲಿ, ಹೋದ ತಿಂಗಳ ಒಂದು ಭಾನುವಾರ, ಚೀನೀ ಚಲನಚಿತ್ರವೊಂದನ್ನು ನೋಡುವ ಸಂದರ್ಭ ಒದಗಿತು. ಪರದೆಯ ಕೆಳಗೆ ಓಡುವ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಗೆಳೆಯರು ಅದನ್ನೆ ತಮ್ಮ ಮನೆಯಾಕೆಗೆ ತೆಲುಗಿನಲ್ಲಿ ಹೇಳಿದರು. ನಮ್ಮ ಸೀಮೆಯಲ್ಲಿ ಇದೇನೂ ಹೊಸದಲ್ಲ. ಚಿತ್ರವನ್ನು ಆರಿಸಿದವನು ನಾನೆ. ಅವರ ಮಗನಿಗೆ ಈಗ 19 ವರ್ಷ. ಇನ್ನೂ ಮಾತು ಬಂದಿಲ್ಲ. ಅಂಥವನೊಬ್ಬನ ಕಥೆ ಅವರಿಗೆ ಸಮಾಧಾನ ನೀಡೀತೆಂದು ನಾನು ಬಗೆದಿದ್ದೆ. ವಿಮರ್ಶಕನ ಈ ಲೆಕ್ಕಾಚಾರ ಎಷ್ಟು ತಪ್ಪಿತೆಂಬುದನ್ನು ಹೇಳುವುದೆ ಈ ಲೇಖನದ ಉದ್ದೇಶ.

ಈ ಸ್ಥಿತಿಗೆ ಕನ್ನಡದಲ್ಲಿ ಇಂದು 'ಸ್ವಲೀನತೆ' ಎಂಬ ಹೆಸರಿದೆ. ಇಂಗ್ಲಿಷಿನ 'ಆಟಿಸಂ' ಪದದ ಮೂಲದಲ್ಲಿರುವ ಗ್ರೀಕ್ ಮಾತಿಗೂ 'ತಾನು' ಎಂದೆ ಅರ್ಥ. ಚೀನೀಯರ ಒಂದು ಹೆಸರನ್ನು ಕನ್ನಡಿಸಿದರೆ 'ಒಂಟಿತನದ ವ್ಯಾಧಿ' ಎಂದಾಗುತ್ತದೆ. ಮಮತೆ ಬಂದಾಗ 'ನಕ್ಷತ್ರಗಳ ಮಕ್ಕಳು' ಎನ್ನುವುದೂ ಉಂಟು. ಇವೆಲ್ಲವೂ ಹೊರಗೆ ನಿಂತು ನೋಡಿದವರು ಇಟ್ಟ ಹೆಸರುಗಳು. ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ. ಚೀನಾದಲ್ಲಿ ತಾವ್ ಗುವೋತಾಯ್ ಎಂಬ ವೈದ್ಯ 1982ರಲ್ಲಿ ನಾಲ್ವರು ಮಕ್ಕಳನ್ನು ಕುರಿತು ಬರೆದ. ನಡುವೆ, 1967ರಲ್ಲಿ, ಬ್ರೂನೊ ಬೆಟಲ್‌ಹೈಮ್ ಎಂಬಾತ ಮಗುವನ್ನು 'ಬರಿದಾದ ಕೋಟೆ' ಎಂದು ಕರೆದು, ದೋಷವನ್ನು ಹೆತ್ತವರ, ಅದರಲ್ಲೂ ತಾಯಿಯ, ತಲೆಗೆ ಕಟ್ಟಿದ. ಇದು ಹುಟ್ಟಿನಿಂದ ಬರುವ ಮಿದುಳಿನ ಬೆಳವಣಿಗೆಯ ಭೇದವೆ ಹೊರತು ತಾಯಿಯ ಪ್ರೀತಿಯ ಕೊರತೆಯಲ್ಲವೆಂದು ವಿಜ್ಞಾನ ಈಗ ಹೇಳುತ್ತದೆ. ಆದರೆ ಅಪವಾದ ಬೇಗ ಹೋಗುವಂಥದಲ್ಲ.

ಚಿತ್ರದ ಹೆಸರು 'ಓಷನ್ ಹೆವನ್', ಬಂದದ್ದು 2010ರಲ್ಲಿ. ನಿರ್ದೇಶಕಿ ಶ್ವೆ ಷಿಯಾವ್‌ಲು, ಬೀಜಿಂಗಿನಲ್ಲಿ ಇಂಥ ಮಗನ ತಾಯಿಯೆ ಆದ ಟಿಯನ್ ಹುಯಿಪಿಂಗ್ 1993ರಲ್ಲಿ ತೆರೆದ 'ನಕ್ಷತ್ರ ಮತ್ತು ಮಳೆ' ಎಂಬ ಸಂಸ್ಥೆಯಲ್ಲಿ ಸ್ವಯಂಸೇವಕಿಯಾಗಿದ್ದವರು. ಹೊಡೆದಾಟದ ಚಿತ್ರಗಳಿಗೆ ಹೆಸರಾದ ಜೆಟ್ ಲೀ ಇಲ್ಲಿ ಕೈಯೆತ್ತದೆ, ಒಬ್ಬ ಸಾಧಾರಣ ತಂದೆಯಾಗಿದ್ದಾನೆ. ಸಮುದ್ರ ಜೀವಿಗಳ ಪ್ರದರ್ಶನಾಲಯದಲ್ಲಿ ನೌಕರ, ಮಾರಕ ಕ್ಯಾನ್ಸರ್. ಮಗನೊಡನೆ ಸಮುದ್ರಕ್ಕೆ ಹಾರಿ ಸಾಯಲು ಹೋಗುವಲ್ಲಿಂದ ಕಥೆ ಆರಂಭ. ಮಗ ಈಜುಗಾರ, ಸಾವು ಒಲಿಯುವುದಿಲ್ಲ. ಇನ್ನು ಉಳಿದ ದಾರಿ ಒಂದೆ: ತಾನಿಲ್ಲದ ದಿನಗಳಿಗಾಗಿ ಮಗನನ್ನು ಸಿದ್ಧಪಡಿಸುವುದು. ಮೊಟ್ಟೆ ಬೇಯಿಸುವುದು, ನೆಲ ಒರೆಸುವುದು, ಬಸ್ಸು ಹತ್ತಿ ಇಳಿಯುವುದು, ಇಷ್ಟೆ ಪಾಠಗಳು. ಇವನ್ನು ನೂರು ಸಲ ಹೇಳಿಕೊಡುವ ಬೇಸರವನ್ನು ಚಿತ್ರ ಮುಚ್ಚಿಡದು. ಕೊನೆಕೊನೆಗೆ ತಂದೆ ಬೆನ್ನಿಗೆ ಆಮೆಯ ಚಿಪ್ಪನ್ನು ಕಟ್ಟಿಕೊಂಡು ಮಗನೊಡನೆ ಈಜುತ್ತಾನೆ; ತಾನು ಸತ್ತರೂ ಕೊಳದ ಆಮೆಯಲ್ಲಿ ಮಗ ತನ್ನನ್ನು ಕಾಣಲೆಂದು.

ಈ ಆಮೆಯ ಭಾಗದಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಗೆಳೆಯರ ಮನೆಯಾಕೆ ಮಾತ್ರ ಒಣಗಣ್ಣಿನಿಂದಲೆ ನೋಡಿ, ಮುಗಿದ ಮೇಲೆ ಕೇಳಿದರು:

"ಆ ಹುಡುಗನ ತಾಯೀನ ಮೊದಲೇ ಯಾಕೆ ಸಾಯಿಸಿಬಿಟ್ರು, ಮೇಷ್ಟ್ರೇ? ಅವಳು ಇದ್ದಿದ್ದರೆ ಕಥೆ ಆಗ್ತಿರಲಿಲ್ಲವಾ?"

ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರದ ತಾಯಿ ಕಥೆ ತೊಡಗುವ ಎಷ್ಟೋ ವರ್ಷಗಳ ಹಿಂದೆಯೆ ನೀರುಪಾಲಾಗಿದ್ದಾಳೆ. ಮಗನ ಸ್ಥಿತಿಯನ್ನು ತಾಳಲಾರದೆ ಹೋದಳೆಂಬ ಸೂಚನೆಯೂ ಇದೆ. ದಿನನಿತ್ಯ ಉಣಿಸಿ, ಮೀಯಿಸಿ, ನೆರೆಯವರ ಮಾತು ಕೇಳುವವಳನ್ನು ಹೊರಗಿಟ್ಟು, ತಂದೆಯ ತ್ಯಾಗವನ್ನು ಬೆಳಗಿಸಿದ್ದು ಕಲೆಯ ದೃಷ್ಟಿಯಿಂದ ಅನುಕೂಲ. ಸತ್ಯದ ದೃಷ್ಟಿಯಿಂದ ಲೋಪ. ಎರಡನೆಯ ಲೋಪವೂ ಒಂದುಂಟು. ಮಗನ ಬೊಂಬೆನಾಯಿ ಟೆಲಿವಿಷನ್ನಿನ ಮೇಲೆಯೆ ಇರಬೇಕು, ಅತ್ತಿತ್ತ ಸರಿಯಬಾರದು. ಅದೇಕೆ ಹಾಗೆ? ಅವನೊಳಗೆ ಏನು ನಡೆಯುತ್ತದೆ? ಚಿತ್ರ ಆ ಬಾಗಿಲವರೆಗೆ ಹೋಗಿ ಹಿಂದಿರುಗುತ್ತದೆ.

ಆ ಬಾಗಿಲನ್ನು ಒಳಗಿನಿಂದ ತೆರೆದ ಪುಸ್ತಕವೊಂದು ನಮ್ಮ ನಾಡಿನಲ್ಲಿಯೆ ಬೆಳೆದ ಹುಡುಗನದು. ಬಂಗಾಳಿ ತಾಯಿ ಸೋಮಾ ಅವರ ಮಗ ಟಿಟೊ ರಾಜರ್ಷಿ ಮುಖೋಪಾಧ್ಯಾಯ 1989ರಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ಬಾಲ್ಯ ಕಳೆದವನು. ಆಡುಮಾತು ಅವನಿಗೆ ಬಹುತೇಕ ಒಲಿಯಲಿಲ್ಲ. ತಾಯಿ ಅಕ್ಷರ ತೋರಿಸಿ, ಪದ್ಯ ಕತೆಗಳನ್ನು ಓದಿ ಹೇಳಿ, ಕೈಗೆ ಲೇಖನಿ ಕೊಟ್ಟರು. 8ರಿಂದ 11ನೆಯ ವಯಸ್ಸಿನೊಳಗೆ ಅವನು ಇಂಗ್ಲಿಷಿನಲ್ಲಿ ಬರೆದುದು 2000ದಲ್ಲಿ ಲಂಡನ್ನಿನಲ್ಲಿ 'ಬಿಯಾಂಡ್ ದಿ ಸೈಲೆನ್ಸ್' ಎಂದು ಪ್ರಕಟವಾಯಿತು. ತನ್ನನ್ನು ತಾನೆ 'ಆ ಹುಡುಗ' ಎಂದು ಕರೆದುಕೊಳ್ಳುತ್ತ, ಆಲೋಚಿಸುವ ತಾನು ಬೇರೆ, ಕುಣಿದು ಕೈಬಡಿಯುವ ತಾನು ಬೇರೆ ಎಂದು ವಿವರಿಸುತ್ತಾನೆ. ಮನಸ್ಸುಳ್ಳ, ಆದರೆ ನುಡಿಯಲೂ ಚಲಿಸಲೂ ಆಗದ ಆಲದ ಮರದ ಕಥೆಯೂ ಅವನದೆ. ತಾಯಿ ಓದಿಸಿದ ಇಂಗ್ಲಿಷ್ ಕಾವ್ಯದ ಭಾರ ಅವನ ಶೈಲಿಯ ಮೇಲೆ ಬಿದ್ದಿದೆ. ಕೆಲವೆಡೆ ಮಾತು ಅನುಭವಕ್ಕಿಂತ ದೊಡ್ಡದಾಗುತ್ತದೆ. ಆದರೂ ಇದನ್ನು ಓದಿದವರು 'ಬರಿದಾದ ಕೋಟೆ' ಎಂಬ ಮಾತನ್ನು ಮತ್ತೆ ಆಡಲಾರರು.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ತಾಯಿಯ ಕ್ರಮವನ್ನು ಅನುಸರಿಸಿ ಬೇರೆಯವರು ಬೇರೆ ಮಕ್ಕಳಿಂದ ಬರೆಯಿಸಿದಾಗ, ಮಾತು ಮಗುವಿನದೊ ಪಕ್ಕದಲ್ಲಿ ಫಲಕ ಹಿಡಿದವರದೊ ಎಂಬ ಸಂಶಯ ತಜ್ಞರಿಗೆ ಬಂದಿದೆ. ಅಮೆರಿಕದ ವಾಕ್‌ಚಿಕಿತ್ಸಕರ ಸಂಘ 2018ರಲ್ಲಿ ಆ ಕ್ರಮ ಬೇಡವೆಂದಿತು. ಟಿಟೊ ತನ್ನ ಕೈಯಿಂದಲೆ ಬರೆಯಬಲ್ಲನಾದ್ದರಿಂದ ಅವನ ಸ್ಥಾನ ಬೇರೆ. ಹಾಗೆಂದು ಅಮೆರಿಕದ ಪ್ರಕಾಶಕರು 2003ರ ಮುದ್ರಣದಲ್ಲಿ ಅವನನ್ನು 'ಪವಾಡಸದೃಶ ಮಗು' ಎಂದು ಸಾರಿದುದು ನನಗೆ ಒಪ್ಪಿಗೆಯಾಗದು. ಬರೆಯಲಾರದ ಮಗು ಆಗ ಏನಾಗಬೇಕು? ಗೆಳೆಯರ ಮಗ ಬರೆಯುವುದಿಲ್ಲ. ಅವನ ಬೆಲೆ ಕಡಮೆಯೆ?

ಚಿಕ್ಕಬಳ್ಳಾಪುರದ ಈ ಸುತ್ತಿನಲ್ಲಿ, ಚಿಂತಾಮಣಿಯ ಕಡೆಯಾಗಲಿ ಗೌರಿಬಿದನೂರಿನ ಕಡೆಯಾಗಲಿ, ಇಂಥ ಮಗುವಿನ ಮನೆಯ ಚರಿತ್ರೆ ಹೆಚ್ಚು ಬೇರೆಯಲ್ಲ. ಗಂಡುಮಗುವಿಗೆ ಮಾತು ತಡವೆಂದು ಮೂರು ವರ್ಷ ಕಾಯುತ್ತಾರೆ, ನಾಲಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಆಮೇಲೆ ಹಿಂದಿನ ಜನ್ಮದ ಕರ್ಮ. ಆಮೇಲೆ, ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು, ಬೀಗರು ಬಂದಾಗ ಹಿತ್ತಲ ಕೋಣೆ. ಹುಚ್ಚ, ಪೆದ್ದ, ಮೂಗ ಎಂದು ಕನ್ನಡದಲ್ಲಿ ಕರೆದದ್ದು ಸಾಲದೆ ತೆಲುಗಿನಲ್ಲಿಯೂ ಕರೆಯುತ್ತಾರೆ. ಏನನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಬದುಕಿನುದ್ದಕ್ಕೂ ಹೇಳಿದ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಆದರೆ ತಾಯಂದಿರ ಮೇಲಿನ ಈ ಅಪವಾದವನ್ನು ಪ್ರಶ್ನಿಸುವವರು ಇಲ್ಲಿ ಇಂದಿಗೂ ಕಡಮೆ. ನಮ್ಮ ಕಥೆಗಾರರಿಗಾದರೊ ಇವನು ಒಂದೊ ಹೆತ್ತವರ ದುಃಖ, ಇಲ್ಲವೆ ಅವಧೂತ. ರೇಷ್ಮೆ ಸೀಮೆಯವನಾದ ನನಗೂ ಗೂಡಿನೊಳಗಿನ ಹುಳುವಿನ ಉಪಮೆ ಹೊಳೆದಿತ್ತು. ಗೆಳೆಯರು ನಕ್ಕರು: "ಗೂಡು ಬಿಚ್ಚಬೇಕಾದರೆ ಒಳಗಿರೋದನ್ನ ಬೇಯಿಸಬೇಕಲ್ಲ, ಮೇಷ್ಟ್ರೇ." ಉಪಮೆಯನ್ನು ಅಲ್ಲಿಯೆ ಬಿಟ್ಟೆ.

ಕಾನೂನು ಮುಂದೆ ಹೋಗಿದೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಈ ಸ್ಥಿತಿಯ ಹೆಸರಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಇದನ್ನು ಸೇರಿಸಿತು. 2016ರ ಕಾಯಿದೆಯ 21 ಬಗೆಗಳಲ್ಲಿ ಇದೂ ಒಂದು. ಆದರೆ 'ನಮ್ಮ ನಂತರ ಯಾರು?' ಎಂಬ ಪ್ರಶ್ನೆಗೆ ಕಾಯಿದೆಯೊಂದೆ ಉತ್ತರವಾಗದು. ಚೀನೀ ಚಿತ್ರದ ಹಿರಿಮೆ, ಅದರ ಲೋಪಗಳ ನಡುವೆಯೂ, ಇಲ್ಲಿದೆ. ಪ್ರದರ್ಶನಾಲಯದ ಯಜಮಾನ, ನೆರೆಯ ಅಂಗಡಿಯಾಕೆ, ಹಳೆಯ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ, ಇವರೆಲ್ಲ ಒಂದೊಂದು ಸಣ್ಣ ಕೆಲಸವನ್ನು ವಹಿಸಿಕೊಳ್ಳುತ್ತಾರೆ. ಆಮೆಯಿಂದಲ್ಲ, ಇವರಿಂದ ಆ ಹುಡುಗ ಬದುಕುತ್ತಾನೆ. ನಾನು ಅತ್ತದ್ದು ತಪ್ಪು ಜಾಗದಲ್ಲಿ.

ಮೊನ್ನೆ ಗೆಳೆಯರು ಮಗನನ್ನು ಚಿಂತಾಮಣಿಯ ಬಸ್ಸು ಹತ್ತಿಸಿ, ತಾವು ಹಿಂದಿನ ಸೀಟಿನಲ್ಲಿ ಕಾಣದಂತೆ ಕುಳಿತರಂತೆ. ಕಂಡಕ್ಟರು "ಎಲ್ಲಿಗೆ?" ಎಂದರು. ಹುಡುಗ ಚೀಟಿ ತೋರಿಸಿದ. ಕಂಡಕ್ಟರು ಓದಿ, ಟಿಕೆಟ್ಟು ಕೊಟ್ಟು, ಚಿಲ್ಲರೆಯನ್ನು ಎಣಿಸಿ ಕೈಯಲ್ಲಿಟ್ಟು ಮುಂದೆ ಹೋದರಂತೆ. ಬೇರೇನೂ ಕೇಳಲಿಲ್ಲ.

ಇದನ್ನು ಹೇಳುವಾಗ ಅವರ ಮನೆಯಾಕೆಯ ಕಣ್ಣಿನಲ್ಲಿ ನೀರಿತ್ತು.